ಬೀಗ ಹಾಕಿದ ಬಾಡಿಗೆ ಮನೆ: ಮಾಲೀಕರ ಕರ್ತವ್ಯಗಳು



ಬಾಡಿಗೆಗೆ ಕೊಟ್ಟ ಮನೆಯ ಬಾಗಿಲಿಗೆ ಎರಡು ತಿಂಗಳಿಂದ ಬೀಗ ಬಿದ್ದಿದೆ. ಬಾಡಿಗೆ ಬಂದಿಲ್ಲ, ದೂರವಾಣಿ ಕರೆಗೆ ಉತ್ತರವಿಲ್ಲ. ಇಂತಹ ಸಂದರ್ಭದಲ್ಲಿ ಮಾಲೀಕರಿಗೆ ಮೊದಲು ತೋಚುವ ಉಪಾಯವೆಂದರೆ ಬೀಗ ಒಡೆಸಿ, ಸಾಮಾನುಗಳನ್ನು ಹೊರಗಿರಿಸಿ, ಮನೆಯನ್ನು ಬೇರೊಬ್ಬರಿಗೆ ಕೊಡುವುದು. ಆದರೆ ಇದೇ ಉಪಾಯವು ಅವರನ್ನು ನ್ಯಾಯಾಲಯದಲ್ಲಿ ಪ್ರತಿವಾದಿಯಾಗಿ ನಿಲ್ಲಿಸುವ ಸಂಭವವುಂಟು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಹಾಗೂ ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಾಡಿಗೆದಾರರೂ ಇದ್ದಾರೆ, ಮಾಲೀಕರೂ ಇದ್ದಾರೆ. ದುಡಿದು ಉಳಿಸಿದ ಹಣದಿಂದ ಚಿಕ್ಕದೊಂದು ಮನೆ ಕೊಂಡು, ನಿವೃತ್ತಿಯ ನಂತರ ಅದರ ಬಾಡಿಗೆಯನ್ನೇ ನೆಚ್ಚಿಕೊಂಡವರಿಗೆ ಎರಡು ತಿಂಗಳ ನಷ್ಟವೂ ಸಣ್ಣದಲ್ಲ. ಅತ್ತ ಬಾಡಿಗೆದಾರನು ತಾಯಿಯ ಕಾಯಿಲೆ, ಮಗಳ ಬಾಣಂತನ ಅಥವಾ ಜಮೀನಿನ ಕೆಲಸಕ್ಕಾಗಿ ಊರಿಗೆ ಹೋಗಿರಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಊರು ಸೇರಿದ ಅನೇಕರ ಬಾಡಿಗೆ ಕೋಣೆಗಳು ತಿಂಗಳುಗಟ್ಟಲೆ ಮುಚ್ಚಿಯೇ ಇದ್ದವು. ಮನೆಯಲ್ಲಿ ಇಲ್ಲದಿರುವುದು ಬೇರೆ, ಮನೆಯನ್ನು ಬಿಟ್ಟುಕೊಡುವುದು ಬೇರೆ.

ಕಾನೂನು ಈ ಭೇದವನ್ನು ಗುರುತಿಸಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 111ನೆಯ ಪ್ರಕರಣದ ಪ್ರಕಾರ ಗೇಣಿಯು ಕೊನೆಗೊಳ್ಳುವ ಬಗೆಗಳಲ್ಲಿ ಸ್ಪಷ್ಟವಾಗಿಯೋ ನಡತೆಯಿಂದಲೋ ಸ್ವತ್ತನ್ನು ಬಿಟ್ಟುಕೊಡುವುದೂ ಒಂದು. ಬರಿಯ ಬೀಗವು ಬಿಟ್ಟುಕೊಟ್ಟದ್ದಕ್ಕೆ ಸಾಕ್ಷಿಯಾಗದು. ಒಳಗೆ ಸಾಮಾನುಗಳಿದ್ದರೆ ಅದು ಸ್ವಾಧೀನ ಮುಂದುವರಿದಿರುವುದನ್ನೇ ಸೂಚಿಸಬಹುದು. ನೆಲೆಗೊಂಡ ಸ್ವಾಧೀನದಲ್ಲಿರುವವನಿಗೆ ಅಲ್ಲಿರಲು ಹಕ್ಕಿಲ್ಲವೆಂದು ಭಾವಿಸಿದರೂ, ಮಾಲೀಕನು ಕಾನೂನಿನ ಮಾರ್ಗದಿಂದಲ್ಲದೆ ಅವನನ್ನು ಹೊರಹಾಕುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಕೃಷ್ಣ ರಾಮ್ ಮಹಾಳೆ ಪ್ರಕರಣದಲ್ಲಿ ತಿಳಿಸಿದೆ. ಹಾಗೆ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಒಳಗಿದ್ದ ಒಡವೆ, ಹಣ ಕಾಣೆಯಾಗಿವೆಯೆಂಬ ದೂರು ಬಂದಲ್ಲಿ ಬೀಗ ಒಡೆಸಿದವರೇ ಉತ್ತರ ಹೇಳಬೇಕಾಗುತ್ತದೆ.

ಹಾಗಾದರೆ ಮಾಲೀಕರು ಮಾಡಬೇಕಾದುದೇನು? ಮೊದಲನೆಯದು ಮನುಷ್ಯನ ಕ್ಷೇಮವನ್ನು ವಿಚಾರಿಸುವುದು. ನೆರೆಹೊರೆಯವರು, ಸೊಸೈಟಿಯ ಕಾರ್ಯದರ್ಶಿ, ಉದ್ಯೋಗದ ಸ್ಥಳ, ಕರಾರಿನಲ್ಲಿ ನಮೂದಿಸಿದ ಬಂಧುಗಳು, ಇವರೆಲ್ಲರನ್ನೂ ಕೇಳಬೇಕು. ಬಾಗಿಲು ಒಳಗಿನಿಂದ ಭದ್ರವಾಗಿದ್ದು ಕರೆದರೆ ಓಗೊಡದಿದ್ದಲ್ಲಿ, ಹಗಲಿರುಳೂ ದೀಪ ಉರಿಯುತ್ತಿದ್ದಲ್ಲಿ, ದುರ್ವಾಸನೆ ಬರುತ್ತಿದ್ದಲ್ಲಿ, ವಿಳಂಬ ಮಾಡದೆ 112ಕ್ಕೆ ಕರೆ ಮಾಡತಕ್ಕದ್ದು. ಒಂಟಿಯಾಗಿರುವ ವೃದ್ಧ ಬಾಡಿಗೆದಾರರ ವಿಷಯದಲ್ಲಿ ಈ ಒಂದು ಕರೆ ಪ್ರಾಣವನ್ನೇ ಉಳಿಸಬಹುದು. ಬಾಗಿಲನ್ನು ಪೊಲೀಸರ ಸಮಕ್ಷಮದಲ್ಲಿಯೇ ತೆರೆಯಿಸುವುದು ಯುಕ್ತ.

ಎರಡನೆಯದು ಬರವಣಿಗೆಯಲ್ಲಿ ತಿಳುವಳಿಕೆ ಕೊಡುವುದು. ಬಾಕಿ ಎಷ್ಟು, ಉತ್ತರವನ್ನು ಯಾವ ದಿನದೊಳಗೆ ನಿರೀಕ್ಷಿಸಲಾಗಿದೆ ಎಂಬುದನ್ನು ಬರೆದು, ಬಾಡಿಗೆ ಮನೆಯ ವಿಳಾಸಕ್ಕೂ ಊರಿನ ಖಾಯಂ ವಿಳಾಸಕ್ಕೂ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ತಲುಪಿದ ಪುರಾವೆಯನ್ನು ಇಟ್ಟುಕೊಳ್ಳಬೇಕು. ಮನೆಯ ಸ್ಥಿತಿಯನ್ನು ನೋಡಬೇಕಿದ್ದಲ್ಲಿ ಅದಕ್ಕೂ ಮುನ್ಸೂಚನೆ ಅಗತ್ಯ. ಕೇಂದ್ರ ಸರ್ಕಾರವು 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಅಧಿನಿಯಮವು ಇದಕ್ಕೆ ಕನಿಷ್ಠ 24 ಗಂಟೆಗಳ ಮುನ್ಸೂಚನೆಯನ್ನು ಹೇಳುತ್ತದೆ. ರಾಜ್ಯವು ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ. ನೀರಿನ ಕೊಳವೆ ಒಡೆದು ಕೆಳಗಿನ ಮನೆಗೆ ಸೋರುತ್ತಿರುವಂತಹ ತುರ್ತಿನಲ್ಲಿ, ಇಬ್ಬರು ಸಾಕ್ಷಿಗಳೆದುರು ಒಳಹೊಕ್ಕು, ದುರಸ್ತಿಯನ್ನಷ್ಟೇ ಮಾಡಿಸಿ, ಛಾಯಾಚಿತ್ರ ತೆಗೆದು, ಪಂಚನಾಮೆ ಬರೆದು, ಬಾಗಿಲನ್ನು ಮತ್ತೆ ಭದ್ರಪಡಿಸಬೇಕು. ಬಾಡಿಗೆದಾರನನ್ನು ಮಣಿಸಲೆಂದು ನೀರು ಅಥವಾ ವಿದ್ಯುತ್ತನ್ನು ಕಡಿದುಹಾಕುವುದು ಸಲ್ಲದು. ದೆಹಲಿ ಮತ್ತು ಮಹಾರಾಷ್ಟ್ರದ ಬಾಡಿಗೆ ಕಾನೂನುಗಳು ಇದನ್ನು ನಿಷೇಧಿಸಿವೆ.

ಮೂರನೆಯದು ನ್ಯಾಯಾಲಯದ ಮಾರ್ಗ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮದ 16ನೆಯ ಪ್ರಕರಣದಂತೆ, ಸಕಾರಣವಿಲ್ಲದೆ ದಾವೆಗೆ ಮುಂಚಿನ ನಿರಂತರ ಆರು ತಿಂಗಳು ಮನೆಯನ್ನು ಗೊತ್ತುಪಡಿಸಿದ ಉದ್ದೇಶಕ್ಕೆ ಬಳಸದಿರುವುದು ತೆರವಿಗೆ ಆಧಾರವಾಗುತ್ತದೆ. ಅಲ್ಲಿ ವಾಸದ ಮನೆಯನ್ನು ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ಕೊಟ್ಟಿದ್ದರೆ, ಅವಧಿ ಮುಗಿದ ಬಳಿಕ 24ನೆಯ ಪ್ರಕರಣದನ್ವಯ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. 1958ರ ದೆಹಲಿ ಬಾಡಿಗೆ ನಿಯಂತ್ರಣ ಅಧಿನಿಯಮವು ಬಾಡಿಗೆದಾರನಾಗಲಿ ಕುಟುಂಬದವರಾಗಲಿ ಆರು ತಿಂಗಳು ವಾಸವಿಲ್ಲದಿರುವುದನ್ನು ಆಧಾರವಾಗಿ ಹೇಳುತ್ತದೆ. ಆದರೆ ತಿಂಗಳಿಗೆ 3500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಹೈದರಾಬಾದಿನಲ್ಲಿ, 1960ರ ಕಟ್ಟಡ ಬಾಡಿಗೆ ಕಾನೂನಿಗೆ ಒಳಪಟ್ಟ ಮನೆಗಳಿಗೆ ಈ ಅವಧಿ ನಾಲ್ಕು ತಿಂಗಳು. ತಮಿಳುನಾಡಿನಲ್ಲಿ 2019ರ ಫೆಬ್ರವರಿ 22ರಿಂದ ಹಳೆಯ ಕಾನೂನಿನ ಬದಲು 2017ರ ಹೊಸ ಕಾನೂನು ಜಾರಿಯಲ್ಲಿದೆ. ಆದುದರಿಂದ ಮನೆಯಿರುವ ಊರಿನ ವಕೀಲರನ್ನು ಕೇಳಿಯೇ ಮುಂದುವರಿಯುವುದು ಲೇಸು.

ಬಾಡಿಗೆದಾರನು ತಾನಾಗಿ ಮನೆ ಬಿಡಲೊಪ್ಪಿದರೆ ಬರಿಯ ಬಾಯಿಮಾತು ಸಾಲದು. ಬೀಗದ ಕೈಯನ್ನು ಒಪ್ಪಿಸಿದ ಬಗ್ಗೆ, ಸಾಮಾನುಗಳನ್ನು ಒಯ್ದ ಬಗ್ಗೆ, ಠೇವಣಿಯ ಲೆಕ್ಕ ತೀರಿದ ಬಗ್ಗೆ ಉಭಯರೂ ಸಹಿ ಮಾಡಿದ ಪತ್ರವಿರಬೇಕು. ಮನೆಯನ್ನು ಕೊಡುವಾಗಲೇ ಊರಿನ ವಿಳಾಸ ಮತ್ತು ಇಬ್ಬರು ಬಂಧುಗಳ ದೂರವಾಣಿ ಸಂಖ್ಯೆಗಳನ್ನು ಕರಾರಿನಲ್ಲಿ ಸೇರಿಸಿಕೊಂಡರೆ ಮುಂದಿನ ತೊಡಕು ಎಷ್ಟೋ ಕಡಿಮೆಯಾಗುತ್ತದೆ. ಬಾಡಿಗೆದಾರರೂ ದೀರ್ಘಕಾಲ ಊರಿಗೆ ಹೋಗುವಾಗ ಮಾಲೀಕರಿಗೆ ಒಂದು ಮಾತು ತಿಳಿಸಿ ಹೋಗುವುದು ಅವರ ಧರ್ಮ.

ಮನೆ ಮಾಲೀಕರದೇ ಹೌದು. ಆದರೆ ಆ ಬಾಗಿಲಿನ ಬೀಗ ಬಾಡಿಗೆದಾರನದು. ಅದನ್ನು ಅವನು ತೆರೆಯಬೇಕು, ಇಲ್ಲವೇ ಕಾನೂನು ತೆರೆಯಿಸಬೇಕು. ಈ ದಾರಿಯಲ್ಲಿ ಕೆಲವು ತಿಂಗಳು ಕಾಯಬೇಕಾಗಬಹುದು. ಅವಸರದಲ್ಲಿ ಬೀಗ ಒಡೆಸಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದಕ್ಕಿಂತ ಅದು ಮೇಲು.