ಮೂರು ಕಂಬದ ಸಂತೆ



ನಾವು ಸಂತೆ ಎನ್ನುವುದನ್ನು ತೆಲುಗಿನವರು ಸಂತ ಎನ್ನುತ್ತಾರೆ, ತಮಿಳರು ಸಂದೈ, ಮಲೆಯಾಳದವರು ಚಂದ. ಇವತ್ತು ನಿಮ್ಮನ್ನು ಸುಮಾರು 1900 ವರ್ಷ ಹಳೆಯದೊಂದು ಸಂತೆಗೆ ಕರೆದೊಯ್ಯುತ್ತೇನೆ. ಚೀಲ ಬೇಡ, ಅಲ್ಲಿ ಮಾರುವವರು ಯಾರೂ ಇಲ್ಲ.

ಇಟಲಿಯ ನೇಪಲ್ಸ್ ನಗರದಿಂದ ಪಶ್ಚಿಮಕ್ಕೆ ರೈಲು ಹಿಡಿದರೆ ಪೊಟ್ಸುವೋಲಿ ಎಂಬ ಬಂದರು ಪಟ್ಟಣ. ಬಂದರಿನ ಹತ್ತಿರವೇ, ಮನೆಗಳ ನಡುವೆ, ರಸ್ತೆಗಿಂತ ತಗ್ಗಿನಲ್ಲಿ ಒಂದು ಅಂಗಳ. ಬೇಲಿಗೆ ಕೈಯಿಟ್ಟು ಕೆಳಗೆ ನೋಡಿ. ಸುತ್ತಲೂ ಅಂಗಡಿ ಸಾಲಿನ ಗೋಡೆಗಳು, ನಡುವೆ ದುಂಡನೆಯ ಕಟ್ಟೆ, ಮೂಲೆಗಳಲ್ಲಿ ಶೌಚಾಲಯ. ಆ ಕಾಲಕ್ಕೇ ಸಂತೆಯಲ್ಲಿ ಶೌಚಾಲಯ! ನಮ್ಮ ಪಂಚಾಯತಿನವರು ರೇಡಿಯೋ ಹಾಕಿಕೊಂಡಿದ್ದರೆ ಕೇಳಿಸಿಕೊಳ್ಳಲಿ.

1750ರಲ್ಲಿ ಅಲ್ಲಿ ಅಗೆಸಿದಾಗ ಸೆರಾಪಿಸ್ ಎಂಬ ಈಜಿಪ್ಟಿನ ದೇವರ ವಿಗ್ರಹ ಸಿಕ್ಕಿತು. ದೇವರು ಸಿಕ್ಕಿದ ಮೇಲೆ ದೇವಸ್ಥಾನವೇ ಸರಿ ಎಂದರು ಪಂಡಿತರು. ಇದು ಆಹಾರ ಪದಾರ್ಥಗಳ ಪೇಟೆ, ರೋಮನರ ಮಾತಿನಲ್ಲಿ ಮಾಕೆಲ್ಲುಮ್, ಎಂದು ಖಚಿತವಾದದ್ದು ಎಷ್ಟೋ ಕಾಲದ ಮೇಲೆ. ಹಳೆಯ ಹೆಸರು ಮಾತ್ರ ಇನ್ನೂ ಹೋಗಿಲ್ಲ.

ನೋಡಬೇಕಾದದ್ದು ಮೂರು ಅಮೃತಶಿಲೆಯ ಕಂಬಗಳನ್ನು. ಎತ್ತರ ಸುಮಾರು 40 ಅಡಿ. ಕೆಳಗಿನ 12 ಅಡಿ ನುಣುಪಾಗಿದೆ. ಅದರ ಮೇಲೆ 9 ಅಡಿಯಷ್ಟು ತೂತೋ ತೂತು, ಗೆದ್ದಲು ತಿಂದ ಮರದಂತೆ. ಕೊರೆದದ್ದು ಕಲ್ಲನ್ನು ಕೊರೆದು ಮನೆಮಾಡುವ ಒಂದು ಜಾತಿಯ ಚಿಪ್ಪಿನ ಜೀವಿ. ಅದು ಬದುಕುವುದು ಸಮುದ್ರದ ನೀರಿನಲ್ಲಿ ಮಾತ್ರ. ಹಾಗಾದರೆ ಕಂಬ ನಿಂತಲ್ಲೇ ಕಡಲೊಳಗೆ ಇಳಿದು, ನಿಂತಲ್ಲೇ ಮೇಲೆದ್ದಿರಬೇಕಷ್ಟೆ? ಬುಡದ ಭಾಗ ಮಣ್ಣಿನಲ್ಲಿ ಹೂತಿದ್ದರಿಂದ ಹುಳಕ್ಕೆ ಸಿಗಲಿಲ್ಲ. ಸ್ಕಾಟ್ಲೆಂಡಿನ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರ ತನ್ನ ಗ್ರಂಥದ ಮೊದಲಿಗೆ ಈ ಕಂಬಗಳ ಚಿತ್ರವನ್ನೇ ಹಾಕಿದ. ಊರಿನ ಅಡಿಯಲ್ಲಿ ಜ್ವಾಲಾಮುಖಿ ಇದೆ. ಅದು ಉಸಿರೆಳೆದಾಗ ನೆಲ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. 1538ರಲ್ಲಿ ಅದು ಸ್ಫೋಟಿಸಿ, ಕೆಲವೇ ದಿನಗಳಲ್ಲಿ ಪಕ್ಕದಲ್ಲೊಂದು ಹೊಸ ಗುಡ್ಡವೇ ಎದ್ದಿತು.

ಈ ಬಂದರಿಗೂ ನಮಗೂ ಹಳೆಯ ನಂಟು. ನಮ್ಮ ಕಾಸರಗೋಡಿನ ಕಡೆ ಒಳ್ಳೆಮೆಣಸು ಎನ್ನುತ್ತೇವಲ್ಲ, ಮಲೆಯಾಳ ಕರಾವಳಿಯ ಆ ಮೆಣಸು ಕೆಂಪು ಸಮುದ್ರ ದಾಟಿ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗುತ್ತಿತ್ತು. ಅಲೆಕ್ಸಾಂಡ್ರಿಯದ ಹಡಗುಗಳು ರೋಮಿಗೆಂದು ಬಂದು ತಂಗುತ್ತಿದ್ದ ದೊಡ್ಡ ಬಂದರು ಇದೇ.

ಕಲ್ಲಿನ ಕತೆ ಇರಲಿ, ಅಲ್ಲಿನ ಜನರದ್ದು ಕೇಳಿ. 1970ರಲ್ಲಿ ನೆಲ ಏರತೊಡಗಿದಾಗ ಗುಡ್ಡದ ಮೇಲಿನ ಹಳೆಯ ಕೇರಿಯನ್ನು ಸರಕಾರ ಪೂರ್ತಿ ಖಾಲಿ ಮಾಡಿಸಿತು. 1982ರಿಂದ 84ರೊಳಗೆ ನೆಲ ಆರಡಿಯಷ್ಟು ಏರಿ, ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅವರಿಗಾಗಿ ದೂರದಲ್ಲಿ ಹೊಸ ಬಡಾವಣೆ ಕಟ್ಟಿದರು. ಮನೆ ಸಿಕ್ಕಿತು, ಆದರೆ ಕಡಲು ಬಾಗಿಲಲ್ಲಿ ಇರಲಿಲ್ಲ. ಮೀನುಗಾರನಿಗೆ ಅದೇನೆಂದು ಕರಾವಳಿಯ ನಿಮಗೆ ನಾನು ಹೇಳಬೇಕಾಗಿಲ್ಲ.

2005ರಿಂದ ನೆಲ ಮತ್ತೆ ಏರುತ್ತಿದೆ, ಈಗಾಗಲೇ ನಾಲ್ಕು ಅಡಿಗೂ ಹೆಚ್ಚು. 2024ರ ಮೇ ತಿಂಗಳ ಭೂಕಂಪದ ನಂತರ ಸಾವಿರಕ್ಕೂ ಹೆಚ್ಚು ಜನ ಮನೆ ತೆರವು ಮಾಡಬೇಕಾಯಿತು. ಉಳಿದವರು ಅಲ್ಲೇ ಇದ್ದಾರೆ. ಹಳೆಯ ಚಿತ್ರಗಳಲ್ಲಿ ಆ ಸಂತೆಯ ಅಂಗಳದ ತುಂಬ ನೀರು, ಕಂಬಗಳ ನೆರಳು ಅದರಲ್ಲಿ. ಈಗ ಹೋದರೆ ನಿಮಗೆ ಕಾಣುವುದು ಒಣಗಿದ ಕಲ್ಲುಹಾಸು.