ಸಹಿ ಹಾಕೋ ಮುಂಚೆ

ನಾನು ರಾಜ್ಯಶಾಸ್ತ್ರ ಓದಿದವನಲ್ಲ. ಎಂ.ಟೆಕ್ ಮುಗಿಸಿ ಚೆನ್ನೈಗೆ ಬಂದು, ಓಎಂಆರ್‌ನ ಒಂದು ಆಫೀಸಲ್ಲಿ ಕೋಡ್ ಬರೆದುಕೊಂಡಿರೋನು. ಆದ್ರೂ ಇವತ್ತು ರಾಷ್ಟ್ರಪತಿಗಳ ಅಧಿಕಾರದ ಬಗ್ಗೆ ಮಾತಾಡ್ತೀನಿ. ಯಾಕೆ ಅಂತ ಕೊನೇಲಿ ಹೇಳ್ತೀನಿ.

2025ರ ಸೆಪ್ಟೆಂಬರ್ ನೆನಪಿದೆಯಲ್ಲ? ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅಂತ ಅಮೆರಿಕದ ಅಧ್ಯಕ್ಷರು 19ನೇ ತಾರೀಕು ಸಹಿ ಹಾಕಿದರು. ಸೋಮವಾರ ಊಟಕ್ಕೆ ಕೂತಾಗ ನಮ್ಮ ಮೇಜಲ್ಲಿ ಬೇರೆ ಮಾತೇ ಇಲ್ಲ. ಅಲ್ಲಿ ಒಬ್ಬರು ಸಹಿ ಹಾಕಿದ್ದಕ್ಕೆ ಇಲ್ಲಿ ಶೋಳಿಂಗನಲ್ಲೂರಲ್ಲಿ ಯಾರಿಗೂ ಊಟ ಸೇರ್ತಿಲ್ಲ. ಆಗ ಒಬ್ಬ ತಮಿಳು ಗೆಳೆಯ ಕೇಳಿದ: "ನಮ್ಮ ರಾಷ್ಟ್ರಪತಿಗೆ ಇಷ್ಟು ಪವರ್ ಇದೆಯಾ?" ನಾನು ತಟ್ಟನೆ ಹೇಳಿದೆ: "ಎಲ್ಲಿಂದ ಬರಬೇಕು? ನಮ್ಮಲ್ಲಿ ಅವರು ರಬ್ಬರ್ ಸ್ಟಾಂಪ್." ಎಲ್ಲರೂ ನಕ್ಕರು. ಅವನು ಮಾತ್ರ ನಗಲಿಲ್ಲ. "1991ರಲ್ಲಿ ಆ ಸ್ಟಾಂಪ್ ಬಿದ್ದಿದ್ದಕ್ಕೇ ನಮ್ಮ ರಾಜ್ಯದ ಸರ್ಕಾರ ಹೋಯ್ತು. ನಿಮ್ಮದೂ ಹೋಗಿತ್ತಲ್ಲ?" ಅಂದ. ಅವತ್ತು ರಾತ್ರಿ ಕೂತು ಓದಿದೆ.

ಮೊದಲು ಕಾನೂನು. ನಮ್ಮ ಸಂವಿಧಾನದ 53ನೇ ವಿಧಿ ಪ್ರಕಾರ ಕೇಂದ್ರದ ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಗಳದ್ದು. 74ನೇ ವಿಧಿಗೆ ಬಂದರೆ, ಅದನ್ನು ಮಂತ್ರಿಮಂಡಲದ ಸಲಹೆಯಂತೆ ನಡೆಸಬೇಕು. ಅಮೆರಿಕದಲ್ಲಿ ಅಧ್ಯಕ್ಷರೇ ಸರ್ಕಾರ. ಇಲ್ಲಿ ಸರ್ಕಾರ ತೀರ್ಮಾನ ಮಾಡುತ್ತೆ, ರಾಷ್ಟ್ರಪತಿಗಳ ಹೆಸರಲ್ಲಿ ಆದೇಶ ಹೊರಡುತ್ತೆ. ಆ ಸಲಹೆಯನ್ನು ಪಾಲಿಸಲೇಬೇಕು ಅಂತ ಸ್ಪಷ್ಟವಾಗಿ ಬರೆದಿದ್ದು ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ, 1976ರಲ್ಲಿ.

ಆ ತುರ್ತು ಪರಿಸ್ಥಿತಿ ಶುರುವಾಗಿದ್ದೂ ಒಂದು ಸಹಿಯಿಂದಲೇ. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದಾಗ ಸಂಪುಟ ಸಭೆಯೇ ಸೇರಿರಲಿಲ್ಲ. ಸಂಪುಟ ಒಪ್ಪಿಗೆ ಕೊಟ್ಟಿದ್ದು ಮರುದಿನ ಬೆಳಿಗ್ಗೆ. "ಸಂಪುಟದ ತೀರ್ಮಾನ ಎಲ್ಲಿ?" ಅಂತ ಒಂದು ಪ್ರಶ್ನೆ ಕೇಳೋಕೆ ಅವಕಾಶ ಇತ್ತು. ಆ ಪ್ರಶ್ನೆಗಾಗಿ ಸಹಿ ಕಾಯಲಿಲ್ಲ.

ಅಹ್ಮದ್ 1977ರ ಫೆಬ್ರವರಿ 11ಕ್ಕೆ ತೀರಿಕೊಂಡರು. ಆಗ ಹಂಗಾಮಿ ರಾಷ್ಟ್ರಪತಿಯಾಗಿ ಆ ಕುರ್ಚಿಯಲ್ಲಿ ಕೂತವರು ನಮ್ಮವರು, ಉಪರಾಷ್ಟ್ರಪತಿ ಬಿ.ಡಿ. ಜತ್ತಿ. ಜಮಖಂಡಿ ಹತ್ತಿರದ ಸಾವಳಗಿಯವರು, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ನಿಜ ಹೇಳ್ತೀನಿ, ನನಗೆ ಅವರ ಹೆಸರು ಗೊತ್ತಿದ್ದದ್ದು ಕ್ವಿಜ್ ಪ್ರಶ್ನೆಯಾಗಿ ಮಾತ್ರ.

ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತರು, ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಹೊಸ ಸರ್ಕಾರ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ತೆಗೆದು, ವಿಧಾನಸಭೆಗಳನ್ನು ವಿಸರ್ಜಿಸೋಕೆ ಹೊರಟಿತು. ಕಾರಣ? ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ರಾಜ್ಯದಲ್ಲೂ ಜನರ ಬೆಂಬಲ ಉಳಿದಿಲ್ಲ ಅಂತ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತವು. ಕಡತ ಜತ್ತಿಯವರ ಮೇಜಿಗೆ ಬಂತು. ಅವರು ತಕ್ಷಣ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗಲಾಟೆಯೇ ಆಯಿತು. ಕೊನೆಗೆ ಏಪ್ರಿಲ್ 30ಕ್ಕೆ ಸಹಿ ಬಿತ್ತು.

ಅವರನ್ನು ಅನುಮಾನಿಸೋಕೆ ಕಾರಣ ಇತ್ತು. ಅವರು ಕಾಂಗ್ರೆಸ್ಸಿನಿಂದ ಬಂದವರು, ಹೋಗ್ತಿದ್ದ ಸರ್ಕಾರಗಳೂ ಕಾಂಗ್ರೆಸ್ಸಿನವೇ. ಕಾನೂನಂತೂ ಅವರ ಪರ ಇರಲೇ ಇಲ್ಲ. 42ನೇ ತಿದ್ದುಪಡಿ ಆಗಲೇ ಜಾರಿಯಲ್ಲಿತ್ತು. ಆದ್ರೆ ಮುಂದೇನಾಯ್ತು ನೋಡಿ. 1978ರಲ್ಲಿ ಅದೇ ಜನತಾ ಸರ್ಕಾರ ತಂದ 44ನೇ ತಿದ್ದುಪಡಿ 74ನೇ ವಿಧಿಗೆ ಒಂದು ಮಾತು ಸೇರಿಸಿತು: ರಾಷ್ಟ್ರಪತಿಗಳು ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಜತ್ತಿಯವರಿಂದಲೇ ಇದು ಬಂತು ಅಂತ ನಾನು ಹೇಳಲ್ಲ. ಆದ್ರೆ ಅವರಿಗೆ ಇಲ್ಲದೇ ಇದ್ದ ಹಕ್ಕು ಅವರ ನಂತರದವರಿಗೆಲ್ಲ ಸಿಕ್ಕಿತು.

ಸಿಕ್ಕಿದ ಹಕ್ಕನ್ನು ಎಲ್ಲರೂ ಬಳಸಲಿಲ್ಲ. ಈಗ ನನ್ನ ಗೆಳೆಯ ಕೇಳಿದ ಪ್ರಶ್ನೆಗೆ ಬರ್ತೀನಿ. 1989ರ ಏಪ್ರಿಲ್ 21ಕ್ಕೆ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅಂತ ರಾಜ್ಯಪಾಲರು ವರದಿ ಕಳಿಸಿದ್ದರು. ಅವರಲ್ಲಿ ಏಳು ಜನ ಮರುದಿನವೇ ಮಾತು ಬದಲಿಸಿದ್ದರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿ ಕೇಳ್ತಿದ್ದರು. ಅವಕಾಶ ಕೊಡಲಿಲ್ಲ. 1991ರ ಜನವರಿ 30ಕ್ಕೆ ಇಲ್ಲಿ ಕರುಣಾನಿಧಿ ಸರ್ಕಾರ ಹೋಯಿತು. ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ವರದಿ ಕೊಡೋಕೆ ಒಪ್ಪಿರಲಿಲ್ಲ. 356ನೇ ವಿಧಿಯಲ್ಲಿ ರಾಜ್ಯಪಾಲರ ವರದಿ ಇಲ್ಲದೆಯೂ ಮುಂದುವರಿಯೋಕೆ ದಾರಿ ಇದೆ, ಅದನ್ನೇ ಹಿಡಿದರು. ಎರಡೂ ಘೋಷಣೆಗಳ ಕೆಳಗಿದ್ದ ಸಹಿ ಒಬ್ಬರದೇ: ಆರ್. ವೆಂಕಟರಾಮನ್, ತಂಜಾವೂರು ಸೀಮೆಯವರು. ಅವರೇನೂ ಕಾನೂನು ಮುರಿಯಲಿಲ್ಲ. ವಾಪಸ್ ಕಳಿಸಬಹುದಿತ್ತು, ಕಳಿಸಲಿಲ್ಲ, ಅಷ್ಟೇ.

ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಅಂತ ನೋಡಬೇಕಾದ ಜಾಗ ಸದನ, ರಾಜಭವನ ಅಲ್ಲ; ರಾಷ್ಟ್ರಪತಿಗಳ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು. ಅಷ್ಟರಲ್ಲಿ ಕರ್ನಾಟಕದಲ್ಲಿ ಚುನಾವಣೆ ಆಗಿ ನಾಲ್ಕು ವರ್ಷ ದಾಟಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಅವರ ಹೆಸರು ದೇಶದ ಕಾನೂನು ಪುಸ್ತಕಗಳಲ್ಲಿ ಉಳಿಯಿತು.

ಕೊನೆಗೂ ಆ ಹಕ್ಕನ್ನು ಬಳಸಿದವರು ಕೆ.ಆರ್. ನಾರಾಯಣನ್. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡಿ ಅಂತ ಗುಜ್ರಾಲ್ ಸಂಪುಟ ಹೇಳಿದಾಗ ವಾಪಸ್ ಕಳಿಸಿದರು. ಸಂಪುಟ ಸುಮ್ಮನಾಯಿತು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸಂಪುಟಕ್ಕೂ ಹಾಗೇ ಕಳಿಸಿದರು. ಬಿಹಾರದ ಸಲಹೆ 1999ರ ಫೆಬ್ರವರಿಯಲ್ಲಿ ಮತ್ತೆ ಬಂತು, ಆಗ ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಬೆಂಬಲ ಸಿಗಲ್ಲ ಅಂತ ಗೊತ್ತಾಗಿ, ಮಾರ್ಚ್‌ನಲ್ಲಿ ಕೇಂದ್ರವೇ ಅದನ್ನು ಹಿಂತೆಗೆದುಕೊಂಡಿತು. ಅಂದ್ರೆ ನಮ್ಮ ರಾಷ್ಟ್ರಪತಿಗಳ ಕೈಯಲ್ಲಿರೋದು ತಡೆಯೋ ಶಕ್ತಿ ಅಲ್ಲ. "ಕಾರಣ ಏನು, ಇನ್ನೊಂದು ಸಲ ನೋಡಿ" ಅಂತ ಒಮ್ಮೆ ಕೇಳೋ ಶಕ್ತಿ. ಅಷ್ಟಕ್ಕೇ ಒಂದು ಸರ್ಕಾರ ಉಳಿಯಿತು.

ಈಗ ನನ್ನ ವಿಷಯ. ಎರಡು ವರ್ಷದ ಹಿಂದೆ ನಾನು ಟೀಮ್ ಲೀಡ್ ಆಗಿದ್ದೆ. ಅಪ್ರೈಸಲ್ ಪಟ್ಟಿ ಮೇಲಿನಿಂದ ತಯಾರಾಗಿಯೇ ಬಂತು. ನಾನು ಅಪ್ರೂವ್ ಒತ್ತಬೇಕು, ಅಷ್ಟೇ. ಹಾವೇರಿ ಕಡೆಯ ಒಬ್ಬ ಹುಡುಗನಿಗೆ ಅತಿ ಕಡಿಮೆ ರೇಟಿಂಗ್ ಇತ್ತು. ಅವನ ಕೆಲಸ ಹಾಗಿರಲಿಲ್ಲ, ನನಗೆ ಗೊತ್ತಿತ್ತು. "ಇದೊಂದು ಫಾರ್ಮಾಲಿಟಿ" ಅಂದರು. ಆ ಪೇಜಲ್ಲಿ ವಾಪಸ್ ಕಳಿಸೋ ಬಟನ್ನೂ ಇತ್ತು. ನಾನು ಅಪ್ರೂವ್ ಒತ್ತಿದೆ. ಒಂದು ತಿಂಗಳಿಗೆ ಅವನ ಕೆಲಸ ಹೋಯಿತು. ಕಾರಪಾಕ್ಕಂನ ಪಿಜಿ ಖಾಲಿ ಮಾಡೋ ದಿನ ಫೋನ್ ಮಾಡಿದ. ಜಗಳ ಆಡಲಿಲ್ಲ. "ಅಣ್ಣಾರ, ನೀವರ ಒಂದ್ ಮಾತು ಕೇಳಬಹುದಿತ್ತಲ್ರಿ" ಅಂದ.

ನಾನು ಕೇಳಿದ್ರೂ ಅವನ ಕೆಲಸ ಹೋಗ್ತಿತ್ತೋ ಏನೋ. ಆದ್ರೆ ಆ ಯೋಚನೆಯ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಈಗ ಆಗ್ತಿಲ್ಲ. ಊಟದ ಮೇಜಲ್ಲಿ ರಬ್ಬರ್ ಸ್ಟಾಂಪ್ ಅಂತ ನಾನು ನಕ್ಕಿದ್ದು ಯಾರನ್ನು ನೋಡಿ ಅಂತ ಆ ರಾತ್ರಿ ಅರ್ಥ ಆಯ್ತು.

ಈ ವರ್ಷದ ಪಟ್ಟಿ ಬಂದಾಗ ಒಂದು ಹೆಸರಿನ ಮುಂದೆ ಕಾರಣ ಕೇಳಿ ವಾಪಸ್ ಕಳಿಸಿದೆ. ನಾಲ್ಕು ದಿನ ಬಿಟ್ಟು ಅದೇ ರೇಟಿಂಗ್ ಮತ್ತೆ ಬಂತು, ಈ ಸಲ ಎರಡು ಸಾಲಿನ ಕಾರಣದ ಜೊತೆ. ಒಪ್ಪಿದೆ. ಆಮೇಲೆ ಆ ಹುಡುಗಿಯನ್ನು ಕೂರಿಸಿಕೊಂಡು ಆ ಎರಡು ಸಾಲು ಓದಿ ಹೇಳಿದೆ. ಅವಳು ಅದಕ್ಕೆ ಉತ್ತರ ಬರೆದು ಕಳಿಸಿದ್ದಾಳೆ. ಮೇಲಿನವರು ಇನ್ನೂ ನೋಡ್ತಿದ್ದಾರೆ.