ಯೋಚನೆ ಹುಟ್ಟುವುದು ಹೇಗೆ? – ಸಭೆಯ ಮೌನ, ಚೀಟಿಯ ಮಾತು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಹೊಸ ಯೋಚನೆ ಎಂಬುದು ಕೆಲವೇ ಪ್ರತಿಭಾವಂತರ ಸ್ವತ್ತು ಎಂಬ ನಂಬಿಕೆ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಕಚೇರಿಯಲ್ಲಿ ಮೇಲಧಿಕಾರಿ, ಸಹಕಾರ ಸಂಘದಲ್ಲಿ ಅಧ್ಯಕ್ಷರು, ಗ್ರಾಮ ಅರಣ್ಯ ಸಮಿತಿಯಲ್ಲಿ ಗಟ್ಟಿ ದನಿಯ ನಾಲ್ವರು ಯೋಚಿಸುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಹೀಗಾಗಿ ಹಳ್ಳ ಬತ್ತಿದರೆ ಕಟ್ಟೆ, ಬೆಟ್ಟ ಬೋಳಾದರೆ ಅಕೇಶಿಯಾ ಎಂಬ ಸಿದ್ಧ ಉತ್ತರಗಳೇ ನಿರ್ಣಯ ಪುಸ್ತಕವನ್ನು ತುಂಬುತ್ತವೆ. ಆದರೆ ಯೋಚನೆಯನ್ನು ಹುಟ್ಟಿಸುವುದಕ್ಕೂ ಒಂದು ಕ್ರಮವಿದೆ. ಬೇಸಾಯವನ್ನು ಕಲಿಯುವಂತೆಯೇ ಅದನ್ನೂ ಕಲಿಯಬಹುದು.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಅರಿಯದವರಿಲ್ಲ. ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ ಮೊದಲಿಗೆ ಔಷಧಿಯೇ ಆಗಿರಲಿಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲೆಂದು, ರಸ್ತೆಯ ಅಂಚಿನ ಬಳ್ಳಿಗಳಿಗೆ ಮಾತ್ರ ಇದನ್ನು ಎರಚುತ್ತಿದ್ದರು. ಬೂಜು ತುಪ್ಪಟ ರೋಗದಿಂದ ತೋಟಗಳೆಲ್ಲ ಎಲೆ ಕಳೆದುಕೊಂಡಿದ್ದಾಗ ಆ ಅಂಚಿನ ಬಳ್ಳಿಗಳಲ್ಲಿ ಎಲೆಗಳು ಉಳಿದಿದ್ದುದನ್ನು ಸಸ್ಯವಿಜ್ಞಾನಿ ಮಿಯಾರ್ಡೆ 1882ರಲ್ಲಿ ಗಮನಿಸಿದರು. ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆ ತೋಟಕ್ಕೆ ತಂದರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ರಕ್ಷಣೆಯ ದಾರಿಯಾಗಿತ್ತು.

ಈ ಕಥೆಯಲ್ಲಿ ಯೋಚನೆ ಶೂನ್ಯದಿಂದ ಮೂಡಲಿಲ್ಲ. ಬೆಳೆಗಾರರ ಕೈಯಲ್ಲಿ ಒಂದು ಸಂಗತಿ ಇತ್ತು, ವಿಜ್ಞಾನಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಎರಡೂ ಕೂಡಿದಾಗ ಮದ್ದು ಹುಟ್ಟಿತು. ಆದರೆ ಇಂತಹ ಕೂಡಿಕೆಯನ್ನು ಆಕಸ್ಮಿಕಕ್ಕೆ ಬಿಡದೆ, ಬೇಕಾದಾಗ ಸಾಧಿಸಲು ಸಾಧ್ಯವೇ?

ಈ ಪ್ರಶ್ನೆಗೆ ಪ್ರಸಿದ್ಧವಾದ ಉತ್ತರವೊಂದನ್ನು ಕೊಟ್ಟವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬರ್ನ್. ಅವರು ರೂಢಿಗೆ ತಂದ ಬ್ರೈನ್‌ಸ್ಟಾರ್ಮಿಂಗ್‌ಗೆ ಕನ್ನಡದಲ್ಲಿ ಚಿಂತನ-ಮಂಥನವೆನ್ನಬಹುದು. 1953ರ ಪುಸ್ತಕದಲ್ಲಿ ಅವರು ನಾಲ್ಕು ನಿಯಮಗಳನ್ನು ಪ್ರತಿಪಾದಿಸಿದರು. ಯೋಚನೆ ಹೇಳುವ ಹೊತ್ತಿನಲ್ಲಿ ಟೀಕೆ ಸಲ್ಲದು, ವಿಚಿತ್ರವೆನಿಸಿದ್ದಕ್ಕೂ ಸ್ವಾಗತವಿರಬೇಕು, ಆದಷ್ಟು ಹೆಚ್ಚು ಯೋಚನೆಗಳು ಬರಬೇಕು, ಒಬ್ಬರ ಮಾತಿಗೆ ಇನ್ನೊಬ್ಬರು ಕೂಡಿಸಿ ಬೆಳೆಸಬೇಕು. ಹುಟ್ಟಿಸುವ ಕೆಲಸ ಬೇರೆ, ತೂಗಿ ನೋಡುವ ಕೆಲಸ ಬೇರೆ ಎಂಬುದು ಇದರ ತಿರುಳು. ಸಸಿಮಡಿಯಲ್ಲಿ ಬೀಜ ಮೊಳೆಯುವ ಮುನ್ನವೇ ಕಳೆ ಕೀಳಲು ಕೈಹಾಕಿದರೆ ಪೈರೂ ಹೋಗುತ್ತದೆ.

ತತ್ತ್ವ ಸರಿಯಾದರೂ ಆಚರಣೆಯಲ್ಲಿ ಕೊರತೆ ಕಂಡಿತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಒಟ್ಟಿಗೆ ಕುಳಿತು ಮಾತನಾಡಿದ ನಾಲ್ವರಿಗಿಂತ, ಬೇರೆಬೇರೆ ಕುಳಿತು ಬರೆದ ನಾಲ್ವರ ಪಟ್ಟಿಗಳನ್ನು ಕೂಡಿಸಿದಾಗ ಸುಮಾರು ಎರಡರಷ್ಟು ಯೋಚನೆಗಳು ದೊರೆತವು. ಜರ್ಮನಿಯ ಡೀಲ್ ಮತ್ತು ಸ್ಟ್ರೋಬೆ ಎಂಬ ಸಂಶೋಧಕರು 1987ರಲ್ಲಿ ಇದರ ಮುಖ್ಯ ಕಾರಣವನ್ನು ತೋರಿಸಿದರು. ಸಭೆಯಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬಲ್ಲರು; ತಮ್ಮ ಸರದಿಗೆ ಕಾಯುವವರ ಯೋಚನೆ ಅಷ್ಟರಲ್ಲಿ ತಡೆಗೊಳ್ಳುತ್ತದೆ ಅಥವಾ ಮರೆತುಹೋಗುತ್ತದೆ. ನಗರದ ಕಚೇರಿಗಳಲ್ಲಿಯೇ ಹೀಗಾದರೆ, ಹಿರಿಯರ ಎದುರು ಮಾತನಾಡಬಾರದೆಂಬ ಸಂಕೋಚವಿರುವ ಹಳ್ಳಿಯ ಸಭೆಗಳಲ್ಲಿ ನಷ್ಟವೆಷ್ಟೆಂಬುದನ್ನು ಊಹಿಸಬಹುದು.

ಆದ್ದರಿಂದ ಮೊದಲು ಬರೆಯುವುದು, ಅನಂತರ ಮಾತನಾಡುವುದು ಎಂಬ ಪದ್ಧತಿಗಳು ಬಂದವು. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ತಿಳಿಸಿದ ಕ್ರಮದಲ್ಲಿ 6 ಜನರು 5 ನಿಮಿಷದಲ್ಲಿ ತಲಾ 3 ಯೋಚನೆಗಳನ್ನು ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪಕ್ಕದವರು ಅದನ್ನು ಓದಿ ತಮ್ಮ ಮೂರನ್ನು ಸೇರಿಸುತ್ತಾರೆ. ಹಾಳೆ ಒಂದು ಸುತ್ತು ಬರುವಷ್ಟರಲ್ಲಿ, ಅಂದರೆ ಅರ್ಧ ಗಂಟೆಯಲ್ಲಿ, 108 ಯೋಚನೆಗಳಿಗೆ ಅವಕಾಶವಿರುತ್ತದೆ.

ಗುಡ್ಡಗಾಡಿನವರಿಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತಾ ಜಿರೋ ರೂಪಿಸಿದ ಕೆ.ಜೆ. ವಿಧಾನ. ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. 1953ರಲ್ಲಿ ಮನಸ್ಲು ಪರ್ವತಾರೋಹಣ ತಂಡದೊಡನೆ ನೇಪಾಳಕ್ಕೆ ಹೋದ ಅವರು ಬಳಿಕವೂ ಆ ಬೆಟ್ಟಗಳ ಅಧ್ಯಯನವನ್ನು ಮುಂದುವರಿಸಿದರು. ಊರುಗಳಲ್ಲಿ ಕಲೆಹಾಕಿದ ಚದುರಿದ ಟಿಪ್ಪಣಿಗಳಿಂದ ಅರ್ಥವನ್ನು ಹೊರತೆಗೆಯುವುದು ಹೇಗೆಂಬ ಚಿಂತೆಯೇ ಈ ವಿಧಾನಕ್ಕೆ ಕಾರಣವಾಯಿತು. 1967ರಲ್ಲಿ ಪುಸ್ತಕರೂಪದಲ್ಲಿ ಬಂದ ಇದು ಮುಂದೆ ಜಪಾನಿನ ಕಾರ್ಖಾನೆಗಳ ಗುಣಮಟ್ಟ ನಿರ್ವಹಣೆಯಲ್ಲಿಯೂ ಸ್ಥಾನ ಪಡೆಯಿತು.

ಪಶ್ಚಿಮ ನೇಪಾಳದ ಸಿಖಾ ಕಣಿವೆಯಲ್ಲಿ ಅವರು ಊರವರ ಅಗತ್ಯಗಳನ್ನು ಊರವರ ಜೊತೆಯಲ್ಲಿಯೇ ಹುಡುಕಿದರು. ಅದರ ಫಲವಾಗಿ ಊರುಗಳಿಗೆ ಕುಡಿಯುವ ನೀರಿನ ಕೊಳವೆ ಮಾರ್ಗಗಳೂ ಕಮರಿಗಳನ್ನು ದಾಟಿ ಹೊರೆ ಸಾಗಿಸುವ ತಂತಿಹಾದಿಗಳೂ ಬಂದವು. ಗ್ರಾಮಸ್ಥರನ್ನು ಅವರದೇ ಸಮಸ್ಯೆಗಳ ಸಂಶೋಧನೆಯಲ್ಲಿ ಪಾಲುದಾರರನ್ನಾಗಿಸಿದ ಕಾರ್ಯಕ್ಕಾಗಿ 1984ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಈ ವಿಧಾನಕ್ಕೆ ಬೇಕಾದುದು ಕಾಗದದ ಚೀಟಿಗಳು ಮತ್ತು ಹರಡಲು ಒಂದು ಜಗಲಿ ಮಾತ್ರ. ಉದಾಹರಣೆಗೆ, ಬೇಸಿಗೆಗೆ ಮೊದಲೇ ಹಳ್ಳ ಬತ್ತುವ ಊರೊಂದನ್ನು ಎಣಿಸಿಕೊಳ್ಳೋಣ. ಪ್ರತಿಯೊಬ್ಬರೂ ತಾವು ಕಂಡದ್ದನ್ನು ಬರೆಯುತ್ತಾರೆ. ಒಂದು ಚೀಟಿಗೆ ಒಂದೇ ಸಂಗತಿ. "ಮೇಲಿನ ತೋಟದಲ್ಲಿ ರಾತ್ರಿಯಿಡೀ ಪಂಪು ಓಡುತ್ತದೆ", "ಸೊಪ್ಪಿನ ಬೆಟ್ಟದ ದರಗನ್ನು ಪೂರ್ತಿ ಗುಡಿಸಿ ತರುತ್ತಾರೆ", "ಜಟ್ಟಿದ ನೆಲದಲ್ಲಿ ಮಳೆನೀರು ಇಂಗದೆ ಹರಿಯುತ್ತದೆ", "ಕೊಟ್ಟಿಗೆಯಲ್ಲಿ ದನ ಕಡಿಮೆಯಾಗಿವೆ, ಗೊಬ್ಬರ ಸಾಲದು". ಬರೆಯಲು ಬಾರದವರ ಮಾತನ್ನು ವಿದ್ಯಾರ್ಥಿಗಳು ಅವರ ನುಡಿಯಲ್ಲಿಯೇ ಬರೆದುಕೊಳ್ಳಬೇಕು. ಚೀಟಿಯ ಮೇಲೆ ಹೆಸರು ಬೇಡ.

ಬಳಿಕ ಎಲ್ಲವನ್ನೂ ಹರಡಿ, ನಿಧಾನವಾಗಿ ಓದಿ, ಒಂದಕ್ಕೊಂದು ಹತ್ತಿರವೆನಿಸಿದವನ್ನು ಜೊತೆಗೂಡಿಸಬೇಕು. 'ನೀರಾವರಿ', 'ಅರಣ್ಯ', 'ಪಶುಪಾಲನೆ' ಎಂದು ಮೊದಲೇ ಇಲಾಖೆಗಳಂತೆ ಗುಂಪು ಮಾಡಬಾರದೆಂಬುದು ಕವಾಕಿತಾ ಅವರ ಮುಖ್ಯ ಎಚ್ಚರಿಕೆ. ಗುಂಪು ಚೀಟಿಗಳಿಂದಲೇ ಮೂಡಬೇಕು. ಯಾವ ಗುಂಪಿಗೂ ಸೇರದ ಒಂಟಿ ಚೀಟಿಯನ್ನು ಬಲವಂತವಾಗಿ ಸೇರಿಸದೆ ಹಾಗೆಯೇ ಉಳಿಸಬೇಕು. ಹೊಸ ದಾರಿ ಹಲವೊಮ್ಮೆ ಅದರಿಂದಲೇ ತೆರೆಯುತ್ತದೆ. ಪ್ರತಿ ಗುಂಪಿಗೂ ಒಂದು ಪೂರ್ಣ ವಾಕ್ಯದ ತಲೆಬರಹ ಕೊಟ್ಟು, ಗುಂಪುಗಳ ನಡುವಿನ ಸಂಬಂಧವನ್ನು ಗೆರೆ ಎಳೆದು ತೋರಿಸಿ, ಕೊನೆಗೆ ಇಡೀ ಚಿತ್ರವನ್ನು ಬಾಯಿಮಾತಿನಲ್ಲಿ ವಿವರಿಸಬೇಕು.

ಮೇಲಿನ ಚೀಟಿಗಳನ್ನು ಇಲಾಖೆವಾರು ವಿಂಗಡಿಸಿದರೆ ದನದ ಮಾತು ಪಶುಪಾಲನೆಯ ಕಡತಕ್ಕೆ ಹೋಗಿ ಮರೆಯಾಗುತ್ತದೆ. ಜೊತೆಗಿಟ್ಟು ಓದಿದರೆ ಸರಪಳಿ ಕಾಣುತ್ತದೆ: ದನ ಕಡಿಮೆಯಾದಷ್ಟೂ ತೋಟಕ್ಕೆ ದರಗಿನ ಅವಲಂಬನೆ ಹೆಚ್ಚುತ್ತದೆ, ಹೊದಿಕೆ ಕಳೆದ ಬೆಟ್ಟ ನೀರನ್ನು ಹಿಡಿದಿಡುವುದಿಲ್ಲ. ಆಗ ಹಳ್ಳದ ಪ್ರಶ್ನೆಗೆ ಕಟ್ಟೆಯೊಂದೇ ಉತ್ತರವಾಗಿ ಉಳಿಯುವುದಿಲ್ಲ. ಬೆಟ್ಟದ ಒಂದು ಭಾಗವನ್ನು ಸರದಿಯಂತೆ ಗುಡಿಸದೆ ಬಿಡುವುದು, ತೋಟದಲ್ಲಿ ಗೊಬ್ಬರದ ಗಿಡ ಬೆಳೆಸುವುದು, ಪಂಪಿಗೆ ಸರದಿ ನಿಗದಿಪಡಿಸುವುದು ಮುಂತಾದ ಹಲವು ದಾರಿಗಳು ತೆರೆಯುತ್ತವೆ.

ಈ ವಿಧಾನಕ್ಕೂ ಮಿತಿಗಳಿವೆ. ಚೀಟಿ ಸಂಗತಿಯನ್ನು ಮುಂದಿಡಬಲ್ಲದೇ ಹೊರತು ನಿರ್ಧಾರವನ್ನು ಕೈಗೊಳ್ಳಲಾರದು. ಹೊಳೆದುದೆಲ್ಲ ನಿಜವೂ ಅಲ್ಲ. ಮಿಯಾರ್ಡೆ ಕಂಡದ್ದನ್ನು ಪ್ರಯೋಗಿಸಿ ನೋಡಿದಂತೆ, ಇಲ್ಲಿಯೂ ಬೆಟ್ಟದ ಒಂದು ಮೂಲೆಯಲ್ಲಿ ಎರಡು ಮೂರು ಮಳೆಗಾಲ ಪರೀಕ್ಷಿಸಿದ ಮೇಲೆಯೇ ಊರಿಗೆಲ್ಲ ಅನ್ವಯಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದರಗು ಹೊರುವ ಹೆಂಗಸರನ್ನೂ ಕೊನೆಗೌಡರನ್ನೂ ಕೂಲಿಯವರನ್ನೂ ಜಗಲಿಗೆ ಕರೆಯದಿದ್ದರೆ, ಅಲ್ಲಿ ಹರಡುವ ಚೀಟಿಗಳಲ್ಲಿ ಹಳೆಯ ನಾಲ್ವರ ಮಾತೇ ಇರುತ್ತದೆ.

ಬೆಟ್ಟವನ್ನು ದಿನವೂ ಹತ್ತಿಳಿಯುವವರಿಗೆ ಬೆಟ್ಟದ ಸಂಗತಿ ತಿಳಿದಿದೆ. ಅವರಲ್ಲಿ ಅನೇಕರು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಾರೆ. ಮುಂದಿನ ಸಭೆಯಲ್ಲಿ ಭಾಷಣ ಆರಂಭವಾಗುವ ಮುನ್ನ ಅವರ ಕೈಗೆ ಒಂದೊಂದು ಚೀಟಿ ಸೇರಲಿ. ಯೋಜನೆ ಆಮೇಲೆ ಬರಲಿ.